ತೋಟಕ್ಕೊಂದು ಫೋರ್ ಬೈ ಫೋರ್ ಪಿಕಪ್: ಯಾವ ವೇರಿಯಂಟ್, ಏಕೆ

ಪಿಕಪ್ ಬ್ರೋಷರಿನ ಕೊನೆಯ ಪುಟದಲ್ಲಿ ಸಣ್ಣಕ್ಷರದ ಒಂದು ಕೋಷ್ಟಕವಿರುತ್ತದೆ. ಎಡಗಡೆ ಫೀಚರ್‌ಗಳ ಹೆಸರು, ಮೇಲ್ಗಡೆ ವೇರಿಯಂಟ್‌ಗಳ, ಅಂದರೆ ಒಂದೇ ಮಾಡೆಲ್‌ನ ಕೆಳಗಿನ, ಮೇಲಿನ ದರ್ಜೆಗಳ ಹೆಸರು. ಇದ್ದರೆ ಟಿಕ್, ಇಲ್ಲದಿದ್ದರೆ ಗೆರೆ. ಮೊದಲಿನ ಪುಟಗಳಲ್ಲಿರುವ ಗುಡ್ಡ, ಹೊಳೆ, ಧೂಳಿನ ಫೋಟೊಗಳನ್ನು ನೋಡಿ ಖುಷಿಪಡಬಹುದು, ಕೊಳ್ಳುವವರಿಗೆ ಬೇಕಾದ್ದು ಈ ಒಂದೇ ಪುಟ. ಮೂಡಿಗೆರೆ ಕಡೆಯ ಕಾಫಿ ತೋಟಕ್ಕೆ ಫೋರ್ ಬೈ ಫೋರ್ (ಎಂಜಿನ್ ಬಲವನ್ನು ಹಿಂದಿನ, ಮುಂದಿನ ಎರಡೂ ಆಕ್ಸೆಲ್‌ಗೆ ಕೊಡಬಲ್ಲ) ಗಾಡಿ ಆರಿಸುವಾಗ ನಾವು ಮಾಡಿದ ಮೊದಲ ಕೆಲಸ ಆ ಪುಟದ ಜೆರಾಕ್ಸ್ ತೆಗೆಸಿ ಮೂರು ಬಣ್ಣದ ಪೆನ್ನು ಹಿಡಿದು ಕೂತದ್ದು. ಆಮೇಲೆ ಹಾಕಿಸಲು ಸಾಧ್ಯವೇ ಇಲ್ಲದ್ದಕ್ಕೆ ಕೆಂಪು. ಹಾಕಿಸಬಹುದು, ಆದರೆ ದುಡ್ಡು ಜಾಸ್ತಿ ಎನ್ನುವುದಕ್ಕೆ ನೀಲಿ. ಹಾಸನದ ಯಾವ ಆಕ್ಸೆಸರಿ ಅಂಗಡಿಯಲ್ಲಾದರೂ ಮಧ್ಯಾಹ್ನದೊಳಗೆ ಕೂರಿಸಿಕೊಡುವಂಥದ್ದಕ್ಕೆ ಕಪ್ಪು.

ಲೋ ರೇಂಜ್ (ನಿಧಾನ, ಆದರೆ ಹೆಚ್ಚು ಬಲದ ಗೇರು) ಇರುವ ಟ್ರಾನ್ಸ್‌ಫರ್ ಕೇಸ್ (ಬಲವನ್ನು ಮುಂದಿನ, ಹಿಂದಿನ ಆಕ್ಸೆಲ್‌ಗೆ ಹಂಚುವ ಪೆಟ್ಟಿಗೆ), ಹಿಂದಿನ ಡಿಫರೆನ್ಷಿಯಲ್ ಲಾಕ್ (ಹಿಂದಿನ ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಬಿಗಿಯುವುದು), ಗೇರ್‌ಬಾಕ್ಸ್, ಏರ್‌ಬ್ಯಾಗ್ ಸಂಖ್ಯೆ, ಸ್ಟೆಬಿಲಿಟಿ ಕಂಟ್ರೋಲ್ (ಗಾಡಿ ಅಡ್ಡ ಜಾರುವುದನ್ನು ತಡೆಯುವುದು), ಟ್ರ್ಯಾಕ್ಷನ್ ಕಂಟ್ರೋಲ್ (ಚಕ್ರ ಸುಮ್ಮನೆ ಸುತ್ತುವುದನ್ನು ತಡೆಯುವುದು), ಹಿಲ್ ಡಿಸೆಂಟ್ (ಇಳಿಜಾರಿನಲ್ಲಿ ತಾನಾಗಿ ಬ್ರೇಕ್ ಹಿಡಿಯುವುದು) ಇವೆಲ್ಲ ಕೆಂಪು. ಚಕ್ರ ಮತ್ತು ಟೈರ್, ಹೆಡ್‌ಲೈಟ್, ಸೀಟಿನ ಹೊದಿಕೆ ನೀಲಿ. ಟಚ್‌ಸ್ಕ್ರೀನ್, ರಿವರ್ಸ್ ಕ್ಯಾಮೆರಾ, ಫುಟ್‌ಬೋರ್ಡ್, ಕ್ರೋಮ್ ಪಟ್ಟಿ, ಡೆಕ್ ಲೈನರ್ (ಹಿಂದೆ ಸಾಮಾನು ಹೇರುವ ತೊಟ್ಟಿಯ ಒಳಹೊದಿಕೆ) ಕಪ್ಪು. ಹೀಗೆ ಗುರುತು ಹಾಕಿದ ಮೇಲೆ ಪ್ರತಿ ಮಾಡೆಲ್‌ನಲ್ಲೂ ಕೇಳಬೇಕಾದ ಪ್ರಶ್ನೆ ಒಂದೇ: ಮೇಲಿನ ವೇರಿಯಂಟ್‌ಗೆ ಕೊಡುವ ಹೆಚ್ಚಿನ ಹಣ ಕೆಂಪಿಗೆ ಹೋಗುತ್ತಿದೆಯೋ, ಕಪ್ಪಿಗೋ?

ಬಹಳ ಸಲ ಕಪ್ಪಿಗೇ ಹೋಗುತ್ತದೆ. ಶೋರೂಮಿನಲ್ಲಿ ಮಾತ್ರ ಕೇಳಿಬರುವುದು ಬೇರೆ ರಾಗ: "ಟಾಪ್ ಎಂಡ್ ತಗೊಂಡ್ಬಿಡಿ ಸರ್, ರೀಸೇಲ್ ಚೆನ್ನಾಗಿ ಬರುತ್ತೆ." ಮಲೆನಾಡಿನಲ್ಲಿ ಹಳೆಯ ಪಿಕಪ್ ಕೊಳ್ಳಲು ಬರುವವರು ಮೊದಲು ಬಗ್ಗಿ ನೋಡುವುದು ಚಾಸಿಯ ತುಕ್ಕನ್ನು, ಆಮೇಲೆ ಕೇಳುವುದು ಫೋರ್ ಬೈ ಫೋರ್ ಕೆಲಸ ಮಾಡುತ್ತದೆಯೇ ಎಂದು. ಸ್ಕ್ರೀನ್ ಎಷ್ಟು ಇಂಚು ಎಂದು ಯಾರೂ ಕೇಳುವುದಿಲ್ಲ.

ಹೆಸರಿನ ಮೇಲೆ ಹೋಗಬೇಡಿ

ಫೋರ್ ಬೈ ಫೋರ್ ಬೇಕೇ ಬೇಡವೇ ಎಂಬುದು ಮೊದಲು ತೀರ್ಮಾನವಾಗಲಿ. ಹಾಸನ–ಬೇಲೂರು, ಚಿಕ್ಕಮಗಳೂರು–ಕಡೂರು ರಸ್ತೆಗಳಿಗೆ ಅದರ ಅಗತ್ಯವಿಲ್ಲ. ಶಿರಾಡಿ, ಚಾರ್ಮಾಡಿ ಘಾಟಿಗೂ ಇಲ್ಲ. ತೋಟದ ರಸ್ತೆಗೆ ಜಲ್ಲಿ ಹಾಕಿ ರೋಲರ್ ಓಡಿಸಿದ್ದರೆ, ಕಡಿದಾದ ಏರಿಗೆ ಕಾಂಕ್ರೀಟ್ ಪಟ್ಟಿ ಇದ್ದರೆ ಅಲ್ಲೂ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಮ್ಮಣ್ಣಿನ ಏರು, ಮೋರಿ ಇಲ್ಲದ ಹಳ್ಳ, ಒಂದು ಕಡೆ ಚರಂಡಿ ಇನ್ನೊಂದು ಕಡೆ ಸಿಲ್ವರ್ ಮರ ಇರುವ ತಿರುವು, ಇಂಥ ದಾರಿ ದಿನವೂ ಹತ್ತಿಳಿಯುವವರಿಗೆ ಬೇಕು.

ಇಂಥ ದಾರಿಯಲ್ಲಿ ಖಾಲಿ ಟೂ ವೀಲ್ ಡ್ರೈವ್ ಪಿಕಪ್ ಕಾರಿಗಿಂತ ಕೆಟ್ಟದಾಗಿ ನಡೆದುಕೊಳ್ಳುತ್ತದೆ. ಎಂಜಿನ್ ಭಾರವೆಲ್ಲ ಮುಂದೆ, ಎಂಜಿನ್ ಬಲ ಹೋಗುವ ಚಕ್ರ ಹಿಂದೆ, ಡೆಕ್ ಖಾಲಿ. ಒದ್ದೆ ಏರಿನಲ್ಲಿ ಹಿಂದಿನ ಚಕ್ರ ಇದ್ದಲ್ಲೇ ಸುತ್ತಿ ಗುಂಡಿ ತೋಡುತ್ತದೆ. ಹಿಂದಿನ ಆಕ್ಸೆಲ್ ಮೇಲೆ ಬರುವಂತೆ ನಾಲ್ಕೈದು ಮರಳಿನ ಮೂಟೆ ಹಾಕಿದರೆ ಸ್ವಲ್ಪ ಹಿಡಿತ ಸಿಗುತ್ತದೆ. ಜಡಿಮಳೆಗೆ ಅದೂ ಸಾಲದು.

ಇಲ್ಲೊಂದು ಮೋಸ ಹೋಗುವ ಜಾಗವಿದೆ. ಇಸುಜು ಹೈ-ಲ್ಯಾಂಡರ್ ನೋಡಲು ಅದೇ ಡಿ-ಮ್ಯಾಕ್ಸ್ ಕುಟುಂಬದ ಗಾಡಿ, ಅದೇ ಎತ್ತರದ ನಿಲುವು, ಆದರೆ ಟೂ ವೀಲ್ ಡ್ರೈವ್. ಅದೇ ಕಂಪನಿಯ ಇನ್ನೊಂದು ಪಿಕಪ್ ವಿ-ಕ್ರಾಸ್ ಎಂದು ಬರೆದ ಮಾತ್ರಕ್ಕೆ ಫೋರ್ ಬೈ ಫೋರ್ ಎಂದೂ ಅಲ್ಲ, ಜೆಡ್ ವೇರಿಯಂಟ್ ಟೂ ವೀಲ್ ಡ್ರೈವ್ ಆಟೋಮ್ಯಾಟಿಕ್‌ನಲ್ಲೂ ಬಂದಿದೆ. ಸೆಕೆಂಡ್ ಹ್ಯಾಂಡ್ ನೋಡುವವರು ಒಳಗೆ ಫೋರ್ ಎಲ್ (ಫೋರ್ ಬೈ ಫೋರ್‌ನ ಲೋ ರೇಂಜ್) ಗುರುತಿನ ತಿರುಗುಗುಂಡಿ ಇದೆಯೇ ಎಂದು ನೋಡಿ, ಆಮೇಲೆ ಗಾಡಿ ಕೆಳಗೆ ಬಗ್ಗಿ ಮುಂದಿನ ಆಕ್ಸೆಲ್‌ಗೆ ಪ್ರೊಪೆಲ್ಲರ್ ಶಾಫ್ಟ್ ಹೋಗಿದೆಯೇ ನೋಡಿ. ಟೈಲ್‌ಗೇಟ್ ಮೇಲಿನ ಸ್ಟಿಕ್ಕರನ್ನು ಯಾರು ಬೇಕಾದರೂ ಅಂಟಿಸಬಹುದು.

ಟೊಯೊಟಾ ಹೈಲಕ್ಸ್ ಭಾರತಕ್ಕೆ ಬಂದದ್ದು 2022ರಲ್ಲಿ, ಸ್ಟ್ಯಾಂಡರ್ಡ್ ಮತ್ತು ಹೈ ಎಂಬ ಎರಡು ಮಟ್ಟದಲ್ಲಿ, ಎರಡರಲ್ಲೂ ಫೋರ್ ಬೈ ಫೋರ್. ಮಹೀಂದ್ರಾ ಬೊಲೆರೊ ಕ್ಯಾಂಪರ್, ಟಾಟಾ ಯೋಧದಂಥವು ಇನ್ನೊಂದು ಜಾತಿ. ದುಡಿಯಲು ಹುಟ್ಟಿದವು, ಅವುಗಳ ಫೋರ್ ಬೈ ಫೋರ್ ವೇರಿಯಂಟ್ ಬೇಕಿದ್ದರೆ ಹೆಸರು ಹಿಡಿದು ಕೇಳಬೇಕು.

ಹೊರುವ ಲೆಕ್ಕ

ಇಲ್ಲಿ ಬಹಳ ಜನ ಎಡವುತ್ತಾರೆ. ಗಾಡಿಯ ಗರಿಷ್ಠ ಒಟ್ಟು ತೂಕದಿಂದ ಖಾಲಿ ತೂಕ ಕಳೆಯಿರಿ. ಉಳಿದದ್ದರಲ್ಲಿ ಜನ, ಸಾಮಾನು, ಆಮೇಲೆ ಹಾಕಿಸಿದ ಕ್ಯಾನೊಪಿ (ಡೆಕ್ ಮೇಲಿನ ಮುಚ್ಚಿಗೆ), ಎಲ್ಲವೂ ಬರಬೇಕು. ಉದಾಹರಣೆಗೆ 450 ಕೆ.ಜಿ. ಉಳಿಯಿತು ಎನ್ನಿ. 70 ಕೆ.ಜಿ.ಯ ಐದು ಜನ ಕೂತರೆ 350 ಮುಗಿಯಿತು. ಉಳಿದ 100 ಕೆ.ಜಿ.ಗೆ 50 ಕೆ.ಜಿ.ಯ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ ಕಾಫಿ) ಮೂಟೆ ಎರಡು. ಡ್ರೈವರ್ ಜೊತೆ ಒಬ್ಬರೇ ಇದ್ದರೆ 310 ಕೆ.ಜಿ. ಉಳಿಯುತ್ತದೆ, ಆರು ಮೂಟೆ. ಡೆಕ್ ಮೇಲೆ 60 ಕೆ.ಜಿ.ಯ ಕ್ಯಾನೊಪಿ ಕೂರಿಸಿದಿರೋ, ಐದಕ್ಕೆ ಇಳಿಯಿತು. ಎರಡು ಸಾಲು ಸೀಟಿನ ಡಬಲ್ ಕ್ಯಾಬಿನ ಆ ದೊಡ್ಡ ಮೈ ನೋಡಿ ಇಪ್ಪತ್ತು ಮೂಟೆ ಹೇರಿದವರ ಗಾಡಿಗಳಲ್ಲಿ ಲೀಫ್ ಸ್ಪ್ರಿಂಗ್ ಚಪ್ಪಟೆಯಾಗಿರುತ್ತದೆ, ಹಿಂದಿನ ಟೈರ್ ಪಕ್ಕೆ ಬಿರಿದಿರುತ್ತದೆ.

ವೇರಿಯಂಟ್‌ಗೂ ಇದಕ್ಕೂ ಸಂಬಂಧವಿದೆ. ಒಂದೇ ಮಾಡೆಲ್‌ನಲ್ಲಿ ಮೇಲೆ ಹೋದಂತೆ ಫೋರ್ ಬೈ ಫೋರ್, ಆಟೋಮ್ಯಾಟಿಕ್, ಪವರ್ ಸೀಟು, ಫುಟ್‌ಬೋರ್ಡ್ ಎಲ್ಲ ಸೇರಿ ಖಾಲಿ ತೂಕ ಏರುತ್ತದೆ. ಒಟ್ಟು ತೂಕದ ಮಿತಿ ಅದೇ ಇದ್ದರೆ ಹೊರುವ ಶಕ್ತಿ ಇಳಿಯುತ್ತದೆ. ಹೆಚ್ಚು ಹಣ ಕೊಟ್ಟು ಕಡಿಮೆ ಹೊರುವ ಗಾಡಿ ತರುತ್ತೀರಿ. ಆದ್ದರಿಂದ ಮಾಡೆಲ್‌ನ ತೂಕ ಬೇಡ, ನಿಮಗೆ ಬೇಕಾದ ವೇರಿಯಂಟ್‌ನ ತೂಕವನ್ನೇ ಬರೆದುಕೊಡಲು ಹೇಳಿ.

ಒಂದು ಟನ್ ಗೊಬ್ಬರ ಹೊರಬೇಕಾದವರಿಗೆ ಕ್ಯಾಂಪರ್ ಜಾತಿಯದ್ದೇ ಸರಿ. ಅವು ಸಾಮಾನ್ಯವಾಗಿ ಗೂಡ್ಸ್ ವಾಹನವಾಗಿ ಹಳದಿ ಬೋರ್ಡಿನಲ್ಲಿ ನೋಂದಣಿಯಾಗುತ್ತವೆ. ಹಾಗಾದರೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಎಂಬ ಸರ್ಟಿಫಿಕೇಟ್) ಮಾಡಿಸಬೇಕು. ಲೈಸೆನ್ಸ್ ಬಗ್ಗೆ ಹೆದರಬೇಕಿಲ್ಲ. 7,500 ಕೆ.ಜಿ. ಒಳಗಿನ ಗೂಡ್ಸ್ ಗಾಡಿಯನ್ನು ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸ್‌ನಲ್ಲೇ ಓಡಿಸಬಹುದು ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಬಿಳಿ ಬೋರ್ಡಿರಲಿ, ಹಳದಿ ಇರಲಿ, ಹಿಂದಿನ ಡೆಕ್‌ನಲ್ಲಿ ಆಳುಗಳನ್ನು ಕೂರಿಸಿಕೊಂಡು ಹೋಗುವ ನಮ್ಮ ಕಡೆಯ ವಾಡಿಕೆ ಕಾನೂನಿಗೆ ವಿರುದ್ಧ. ಅಪಘಾತವಾದರೆ ಪರಿಹಾರ ಮಾಲೀಕರ ತಲೆಗೇ ಬರುವ ಸಾಧ್ಯತೆ ಹೆಚ್ಚು. ಆಳುಗಳನ್ನು ಕರೆತರುವುದೇ ಮುಖ್ಯ ಕೆಲಸವಾದರೆ ಪಿಕಪ್ ತಪ್ಪು ಆಯ್ಕೆ, ಯಾವ ವೇರಿಯಂಟ್ ಆದರೂ.

ಅಳತೆಯ ಮಾತು ಬಂದಾಗ ಇನ್ನೊಂದು: ಈ ಡಬಲ್ ಕ್ಯಾಬ್‌ಗಳು ಸುಮಾರು 5.3 ಮೀಟರ್ ಉದ್ದ, ಅಂದರೆ ಹದಿನೇಳೂವರೆ ಅಡಿ ಹತ್ತಿರ. ಹಳೆಯ ಜೀಪಿಗೆಂದು ಕಟ್ಟಿದ ಶೆಡ್ಡಿನ ಬಾಗಿಲು ಮುಚ್ಚುವುದಿಲ್ಲ. ಡೆಕ್ ಮಾತ್ರ ಐದಡಿ. ಮೆಣಸು ಕೀಳುವ ಏಣಿ, ಇಪ್ಪತ್ತಡಿಯ ಸ್ಪ್ರಿಂಕ್ಲರ್ ಪೈಪು ಹೊರಗೇ ಚಾಚಿಕೊಳ್ಳುತ್ತವೆ. ಟೇಪು ತೆಗೆದುಕೊಂಡು ಹೋಗಿ.

ಹದಿನೇಳು ಇಂಚೇ, ಹದಿನೆಂಟೇ

ಬ್ರೋಷರಿನಲ್ಲಿ ಒಂದೇ ಸಾಲಿನಲ್ಲಿ ಮುಗಿಯುವ ಈ ವಿಷಯಕ್ಕೆ ನಾವು ಹೆಚ್ಚು ಹೊತ್ತು ಕೊಟ್ಟೆವು. ಹೈಲಕ್ಸ್ ಸ್ಟ್ಯಾಂಡರ್ಡ್‌ಗೆ 265/65 ಆರ್ 17 ಟೈರ್, ಹೈ ವೇರಿಯಂಟ್‌ಗೆ 265/60 ಆರ್ 18. ಅಗಲ ಎರಡಕ್ಕೂ 265 ಮಿ.ಮೀ. ಎರಡನೆಯ ಅಂಕಿ, ಟೈರಿನ ಪಕ್ಕೆಯ ಎತ್ತರ ಅಗಲದ ಶೇಕಡ ಎಷ್ಟು ಎಂಬುದು. ಲೆಕ್ಕ ಹಾಕಿದರೆ 17 ಇಂಚಿನದಕ್ಕೆ ಪಕ್ಕೆ 172 ಮಿ.ಮೀ., 18 ಇಂಚಿನದಕ್ಕೆ 159. ಒಟ್ಟು ವ್ಯಾಸ ಕ್ರಮವಾಗಿ 776 ಮತ್ತು 775 ಮಿ.ಮೀ., ಅಂದರೆ ಗಾಡಿಯ ಎತ್ತರದಲ್ಲಿ ವ್ಯತ್ಯಾಸವೇ ಇಲ್ಲ. ಮೇಲಿನ ವೇರಿಯಂಟ್‌ನಲ್ಲಿ 13 ಮಿ.ಮೀ. ರಬ್ಬರ್ ಹೋಗಿ ಅಲಾಯ್ ಬಂದಿದೆ, ಅಷ್ಟೇ.

ಹೆದ್ದಾರಿಯಲ್ಲಿ ತಿರುವು ತೆಗೆಯುವಾಗ 18 ಇಂಚು ಚೂರು ಬಿಗಿ. ತೋಟದಲ್ಲಿ ಮಾತ್ರ ಆ 13 ಮಿ.ಮೀ. ರಬ್ಬರ್ ಬೇಕು. ಕಲ್ಲಿನ ಅಂಚು, ಕಡಿದ ಕಾಫಿ ಬೊಡ್ಡೆ, ಮೋರಿಯ ಮೂಲೆ ಬಡಿಯುವುದು ಪಕ್ಕೆಗೆ. ಪಕ್ಕೆ ಹರಿದ ಟೈರಿಗೆ ಪಂಕ್ಚರ್ ಹಾಕಲು ಬರುವುದಿಲ್ಲ, ಎಸೆಯಬೇಕು. ಕೆಸರಿನಲ್ಲಿ ಗಾಳಿ ಇಳಿಸಿ ಓಡಿಸುವಾಗ ಟೈರ್ ಹರಡಿಕೊಂಡು ಹಿಡಿತ ಕೊಡುವುದೂ ಎತ್ತರದ ಪಕ್ಕೆಯಿಂದಲೇ. ಮಾಮೂಲಿ 30ರ ಆಸುಪಾಸಿನ ಪಿಎಸ್‌ಐ ಇರುವುದನ್ನು 20ಕ್ಕೆ ಇಳಿಸಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಟಾರ್ ರಸ್ತೆಗೆ ಬರುವ ಮುನ್ನ ಮತ್ತೆ ತುಂಬಬೇಕು, ಇಲ್ಲದಿದ್ದರೆ ಪಕ್ಕೆ ಬಿಸಿಯಾಗಿ ಒಡೆಯುತ್ತದೆ. ಆದ್ದರಿಂದ ಬ್ಯಾಟರಿಗೆ ನೇರ ಕ್ಲಿಪ್ ಹಾಕುವ ಕಂಪ್ರೆಸರ್ ಇಟ್ಟುಕೊಳ್ಳಿ. ಸಿಗರೇಟ್ ಲೈಟರ್ ಸಾಕೆಟ್‌ಗೆ ಚುಚ್ಚುವ ಚಿಕ್ಕವು ಈ ಗಾತ್ರದ ಟೈರಿಗೆ ಹೊತ್ತು ತಿನ್ನುತ್ತವೆ, ಬಿಸಿಯಾಗಿ ನಿಲ್ಲುತ್ತವೆ.

ಹೊಸ ಗಾಡಿಯ ಜೊತೆ ಬರುವುದು ಸಾಮಾನ್ಯವಾಗಿ ಹೆದ್ದಾರಿ ಟೈರ್. ಕೆಮ್ಮಣ್ಣು ಅದರ ಸಣ್ಣ ಗೀರುಗಳಲ್ಲಿ ತುಂಬಿಕೊಂಡರೆ ಟೈರ್ ನುಣುಪಾದಂತೆಯೇ ಲೆಕ್ಕ, ಆಮೇಲೆ ನಾಲ್ಕು ಚಕ್ರ ತಿರುಗಿದರೂ ಪ್ರಯೋಜನವಿಲ್ಲ. ಕೆಳಗಿನ ವೇರಿಯಂಟ್‌ನಲ್ಲಿ ಉಳಿಸಿದ ಹಣದಲ್ಲಿ ಮೊದಲು ಬರಬೇಕಾದ್ದು ಒಂದು ಸೆಟ್ ಆಲ್ ಟೆರೇನ್ (ಟಾರಿಗೂ ಮಣ್ಣಿಗೂ ಆಗುವ) ಟೈರ್, ಸ್ಟೆಪ್ನಿಯೂ ಸೇರಿ ಐದು. ಕೆಸರಿಗೆಂದೇ ಮಾಡಿದ ಮಡ್ ಟೆರೇನ್ ಇನ್ನೂ ಚೆನ್ನಾಗಿ ಹಿಡಿಯುತ್ತದೆ, ಆದರೆ ಒದ್ದೆ ಟಾರ್ ಮೇಲೆ ಬ್ರೇಕ್ ದೂರ ಹೆಚ್ಚು, ಸದ್ದೂ ಹೆಚ್ಚು. ಮಳೆಗಾಲದ ಘಾಟಿ ರಸ್ತೆಯೂ ನಮ್ಮದೇ ಆದ್ದರಿಂದ ಅದು ಬೇಡ ಎಂಬುದು ನಮ್ಮ ತೀರ್ಮಾನ. ಅಳತೆ ಬದಲಾಯಿಸುವುದಾದರೆ ಅದೇ ಗಾಡಿಯ ಇನ್ನೊಂದು ವೇರಿಯಂಟ್‌ಗೆ ಕಂಪನಿಯೇ ಕೊಟ್ಟ ಅಳತೆಯೊಳಗೇ ಇರಿ. ಸ್ಪೀಡೋಮೀಟರ್ ತಪ್ಪುವುದಿಲ್ಲ, ವಿಮೆಯವರ ತಕರಾರೂ ಕಡಿಮೆ.

ಗೇರ್‌ಬಾಕ್ಸ್

ಹೈಲಕ್ಸ್‌ನ 2,755 ಸಿಸಿ ಎಂಜಿನ್ ಮ್ಯಾನುಯಲ್‌ನಲ್ಲಿ 420 ಎನ್ಎಂ ಟಾರ್ಕ್ ಕೊಟ್ಟರೆ, ಅದೇ ಎಂಜಿನ್ ಆಟೋಮ್ಯಾಟಿಕ್‌ನಲ್ಲಿ 500 ಕೊಡುತ್ತದೆ. ವಿ-ಕ್ರಾಸ್‌ನ 1.9 ಲೀಟರ್ ಎಂಜಿನ್‌ಗೆ 163 ಪಿಎಸ್, 360 ಎನ್ಎಂ. ತೋಟದಲ್ಲಿ ಈ ಅಂಕಿಗಳಿಗಿಂತ ಲೋ ರೇಂಜ್ ದೊಡ್ಡದು. ಫೋರ್ ಎಲ್ ಹಾಕಿ ಫಸ್ಟ್ ಗೇರಿನಲ್ಲಿ ಆಕ್ಸಿಲರೇಟರ್ ಮುಟ್ಟದೆ ಏರು ಹತ್ತಬಹುದು, ಇಳಿಜಾರಿನಲ್ಲಿ ಬ್ರೇಕ್ ಮುಟ್ಟದೆ ಇಳಿಯಬಹುದು.

ಆಟೋಮ್ಯಾಟಿಕ್ ಬೇಡ ಎಂದು ಮೂಗು ಮುರಿಯುವವರು ನಮ್ಮ ಕಡೆ ಬಹಳ. ಒಂದು ಮಾತು ಅದರ ಪರವಾಗಿ ಹೇಳಲೇಬೇಕು: ಗಾಡಿಯನ್ನು ಮಾಲೀಕರು, ರೈಟರ್ (ತೋಟದ ಲೆಕ್ಕ ನೋಡುವವರು), ಡ್ರೈವರ್ ಎಲ್ಲರೂ ಓಡಿಸುವ ತೋಟದಲ್ಲಿ ಮೊದಲು ಹೋಗುವುದು ಕ್ಲಚ್. ಹೂತ ಗಾಡಿಯನ್ನು ಹೈ ರೇಂಜಿನಲ್ಲೇ ಹಾಫ್ ಕ್ಲಚ್ ಹಿಡಿದು ಎಳೆಸಿದರೆ ಒಂದೇ ಸಂಜೆಯಲ್ಲಿ ಸುಟ್ಟ ವಾಸನೆ ಬರುತ್ತದೆ. ಆಟೋಮ್ಯಾಟಿಕ್‌ಗೆ ಆ ಕಾಟವಿಲ್ಲ, ಅದರಲ್ಲಿ ಕ್ಲಚ್ ಬದಲಿಗಿರುವ ಟಾರ್ಕ್ ಕನ್ವರ್ಟರ್ ಬಲವನ್ನು ನಯವಾಗಿ ಬಿಡುವುದರಿಂದ ಚಕ್ರ ಗಕ್ಕನೆ ಸುತ್ತುವುದೂ ಕಡಿಮೆ. ಆದರೆ ಆಟೋಮ್ಯಾಟಿಕ್ ಬೇಕೆಂದರೆ ಬಹುತೇಕ ಮೇಲಿನ ವೇರಿಯಂಟ್‌ಗೇ ಹೋಗಬೇಕು, ಅಲ್ಲಿ ಬೇಡದ ಹತ್ತು ಸಾಮಾನಿಗೂ ಜೊತೆಗೆ ಹಣ ಕೊಡಬೇಕು. ಒಬ್ಬರೇ ಓಡಿಸುವವರಿಗೆ, ಅವರಿಗೆ ಲೋ ರೇಂಜ್ ಬಳಸುವುದು ಗೊತ್ತಿದ್ದರೆ, ಮ್ಯಾನುಯಲ್ ಸಾಕು.

ಯಾವುದೇ ಆದರೂ ಟೆಸ್ಟ್ ಡ್ರೈವ್‌ಗೆ ನೀವು ಕೊಳ್ಳುವ ವೇರಿಯಂಟನ್ನೇ ಕೇಳಿ. ಸಾಮಾನ್ಯವಾಗಿ ನಿಲ್ಲಿಸಿರುವುದು ಟಾಪ್ ಎಂಡ್ ಆಟೋಮ್ಯಾಟಿಕ್, ಸುತ್ತಿಸುವುದು ಬೈಪಾಸ್ ರಸ್ತೆಯಲ್ಲಿ. ಅದರಿಂದ ಮ್ಯಾನುಯಲ್‌ನ ಕ್ಲಚ್ ಎಷ್ಟು ಭಾರ ಎಂಬುದೂ ಗೊತ್ತಾಗುವುದಿಲ್ಲ. ತಗ್ಗುದಿಬ್ಬಿನ ಜಾಗಕ್ಕೆ ಒಯ್ಯಲು ಒಪ್ಪಿದರೆ, ಮುಂದಿನ ಎಡ ಚಕ್ರ ಮತ್ತು ಹಿಂದಿನ ಬಲ ಚಕ್ರ ಎರಡೂ ಏಕಕಾಲಕ್ಕೆ ದಿಬ್ಬದ ಮೇಲೆ ಬರುವಂತೆ ನಿಲ್ಲಿಸಿ. ಉಳಿದ ಎರಡು ಚಕ್ರ ಹಗುರವಾಗಿ ಗಾಳಿಯಲ್ಲಿ ಸುತ್ತತೊಡಗುತ್ತವೆ. ಈಗ ಟ್ರ್ಯಾಕ್ಷನ್ ಕಂಟ್ರೋಲ್ ಇರುವ ಗಾಡಿ ಸುತ್ತುವ ಚಕ್ರಕ್ಕೆ ಕರ್‌ಕರ್ ಎಂದು ಬ್ರೇಕ್ ಹಿಡಿದು ಎದುರಿನ ಚಕ್ರಕ್ಕೆ ಬಲ ದಾಟಿಸಿ ಮೆಲ್ಲಗೆ ಹೊರಬರುತ್ತದೆ. ಅದಿಲ್ಲದೆ, ಡಿಫ್ ಲಾಕೂ ಇಲ್ಲದ ವೇರಿಯಂಟ್ ಫೋರ್ ಎಲ್‌ನಲ್ಲಿದ್ದರೂ ಅಲ್ಲೇ ನಿಂತು ಚಕ್ರ ಸುತ್ತಿಸುತ್ತದೆ. ಫೋರ್ ಬೈ ಫೋರ್ ಎಂದರೆ ನಾಲ್ಕೂ ಚಕ್ರಕ್ಕೆ ಯಾವಾಗಲೂ ಬಲ ಎಂದು ತಿಳಿದವರು ಇದನ್ನೊಮ್ಮೆ ನೋಡಬೇಕು. ಪ್ರತಿ ಆಕ್ಸೆಲ್‌ನಲ್ಲೂ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇರುವುದರಿಂದ ಹಿಡಿತ ತಪ್ಪಿದ ಚಕ್ರಕ್ಕೇ ಎಲ್ಲ ಹರಿದುಹೋಗುತ್ತದೆ.

ಈ ಕಾರಣಕ್ಕೆ ನಮ್ಮ ಪಟ್ಟಿಯಲ್ಲಿ ಎರಡು ಸಾಲುಗಳಿಗೆ ಕೆಂಪು ಎರಡು ಗೆರೆ ಬಿತ್ತು: ಹಿಂದಿನ ಡಿಫ್ ಲಾಕ್ ಅಥವಾ ಬ್ರೇಕ್ ಆಧಾರಿತ ಟ್ರ್ಯಾಕ್ಷನ್ ಕಂಟ್ರೋಲ್, ಎರಡರಲ್ಲಿ ಒಂದಾದರೂ ಇರಬೇಕು. ಇನ್ನೊಂದು ಸ್ಟೆಬಿಲಿಟಿ ಕಂಟ್ರೋಲ್ ಮತ್ತು ಏರ್‌ಬ್ಯಾಗ್. ಹಿಂದೆ ಹಗುರ, ಮುಂದೆ ಭಾರ ಇರುವ ಎತ್ತರದ ಗಾಡಿ ಒದ್ದೆ ತಿರುವಿನಲ್ಲಿ ಹಿಂಬದಿ ಜಾರಿಸುವುದು ಸಹಜ. ಮಂಜು ಮುಸುಕಿದ ಕೊಟ್ಟಿಗೆಹಾರದ ರಸ್ತೆಯಲ್ಲಿ ಅದು ಆಗುವುದು ಬೇಡ. ಇವು ಮೇಲಿನ ವೇರಿಯಂಟ್‌ನಲ್ಲಿ ಮಾತ್ರ ಇದ್ದರೆ ಚೌಕಾಸಿ ಬಿಟ್ಟು ಮೇಲಿನದನ್ನೇ ತೆಗೆದುಕೊಳ್ಳಿ. ಅಲ್ಲಿ ಕ್ರೋಮ್‌ಗೂ ಹಣ ಹೋಯಿತಲ್ಲ ಎಂದು ಕೊರಗುವುದು ಬೇಡ. ಡಿಫ್ ಲಾಕ್ ಹಾಕಿದಾಗ ಸ್ಟೇರಿಂಗ್ ಸುಲಭಕ್ಕೆ ತಿರುಗದು, ನೇರ ಹೋಗಿ ಕೆಸರು ದಾಟಿದ ಕೂಡಲೇ ತೆಗೆಯಬೇಕು. ಫೋರ್ ಎಚ್‌ (ಮಾಮೂಲಿ ವೇಗದ ಫೋರ್ ಬೈ ಫೋರ್) ಕೂಡ ಒಣ ಟಾರ್ ಮೇಲೆ ಬೇಡ. ಈ ಗಾಡಿಗಳಲ್ಲಿ ಮುಂದಿನ ಹಿಂದಿನ ಶಾಫ್ಟ್ ನಡುವೆ ಡಿಫರೆನ್ಷಿಯಲ್ ಇಲ್ಲ, ತಿರುವಿನಲ್ಲಿ ಎರಡೂ ಎಳೆದಾಡಿ ಗೇರುಗಳು ಬಿಗಿದುಕೊಳ್ಳುತ್ತವೆ.

ಹಣ

ಎರಡು ವೇರಿಯಂಟ್‌ಗಳ ಎಕ್ಸ್ ಶೋರೂಮ್ ವ್ಯತ್ಯಾಸ ಮೂರು ಲಕ್ಷ ಎಂದರೆ ನಿಮ್ಮ ಜೇಬಿನಿಂದ ಹೋಗುವುದು ಮೂರು ಲಕ್ಷವಲ್ಲ. ಕರ್ನಾಟಕದಲ್ಲಿ ಬಿಳಿ ಬೋರ್ಡಿನ ಗಾಡಿಗೆ 10ರಿಂದ 20 ಲಕ್ಷದವರೆಗೆ ಶೇ 17, ಅದರ ಮೇಲೆ ಶೇ 18 ಜೀವಾವಧಿ ತೆರಿಗೆ. ಮೂರು ಲಕ್ಷಕ್ಕೆ ಶೇ 18 ಎಂದರೆ 54,000. ತೆರಿಗೆಯ ಮೇಲೆ ಸೆಸ್ ಬೇರೆ, ವಿಮೆ ಕಂತಿನ ಏರಿಕೆ ಬೇರೆ. ಮೂರೂವರೆ ಲಕ್ಷ ದಾಟಿತು. ಬೆಲೆ 20 ಲಕ್ಷದ ಗಡಿಯ ಹತ್ತಿರವಿದ್ದರೆ ಇನ್ನೂ ಎಚ್ಚರ: 19.8 ಲಕ್ಷಕ್ಕೆ ತೆರಿಗೆ 3,36,600, 20.2 ಲಕ್ಷಕ್ಕೆ 3,63,600. ನಲವತ್ತು ಸಾವಿರದ ಫೀಚರ್‌ಗೆ ಇಪ್ಪತ್ತೇಳು ಸಾವಿರ ತೆರಿಗೆ. 10 ಲಕ್ಷ ಮೀರಿದ ಗಾಡಿಗೆ ಶೇ 1 ಟಿಸಿಎಸ್ (ಮಾರುವವರೇ ವಸೂಲಿ ಮಾಡಿ ಕಟ್ಟುವ ಆದಾಯ ತೆರಿಗೆ) ಹಿಡಿಯುತ್ತಾರೆ. ಅದು ಖರ್ಚಲ್ಲ, ವಾಪಸ್ ಬರುತ್ತದೆ, ಆದರೆ ರಿಟರ್ನ್ಸ್ ಹಾಕಿದರೆ ಮಾತ್ರ. ಕೃಷಿ ಆದಾಯ ಅಷ್ಟೇ ಎಂದು ಹಾಕದೆ ಕೂತವರ ಹಣ ಅಲ್ಲೇ ಉಳಿಯುತ್ತದೆ.

2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರ ಬದಲಾಗಿದೆ, ಅದಕ್ಕಿಂತ ಹಳೆಯ ಬೆಲೆಪಟ್ಟಿ ಹಿಡಿದು ಚೌಕಾಸಿಗೆ ಕೂರಬೇಡಿ. ಕೊಟೇಶನ್‌ನಲ್ಲಿ 'ಆಕ್ಸೆಸರಿ ಪ್ಯಾಕ್', 'ಹ್ಯಾಂಡ್ಲಿಂಗ್' ಎಂಬ ಸಾಲುಗಳಿದ್ದರೆ ಹೊಡೆದುಹಾಕಿಸಿ. ವಿಮೆಯಲ್ಲಿ ಎಂಜಿನ್ ಪ್ರೊಟೆಕ್ಟ್ ಆಡ್-ಆನ್ ಮಾತ್ರ ಬಿಡಬೇಡಿ. ಹಳ್ಳ ದಾಟುವಾಗ ಏರ್ ಫಿಲ್ಟರ್ ಮೂಲಕ ನೀರು ಒಳಹೋಗಿ ಕನೆಕ್ಟಿಂಗ್ ರಾಡ್ ಬಾಗಿದರೆ ಸಾಮಾನ್ಯ ಪಾಲಿಸಿಯಲ್ಲಿ ಆ ಕ್ಲೇಮ್ ನಿಲ್ಲುವುದು ಕಷ್ಟ.

ಟಾಪ್ ಎಂಡ್‌ನಲ್ಲಿ ನಿಜಕ್ಕೂ ಬೇಕಾದ್ದು, ಬೇಡದ್ದು

ಲೆದರ್ ಸೀಟನ್ನು ಆಡಂಬರ ಎಂದು ಬದಿಗಿಟ್ಟಿದ್ದೆವು. ಮಳೆಗಾಲದ ಲೆಕ್ಕ ಹಾಕಿದಾಗ ಅಭಿಪ್ರಾಯ ಬದಲಾಯಿತು. ಒದ್ದೆ ರೈನ್‌ಕೋಟಿನಲ್ಲೇ ಹತ್ತಿ ಕೂರುವ ಜಾಗದಲ್ಲಿ ಬಟ್ಟೆಯ ಸೀಟು ಎರಡು ವಾರದಲ್ಲಿ ಬೂಷ್ಟು ಹಿಡಿಯುತ್ತದೆ, ಒಳಗೆಲ್ಲ ಮುಗ್ಗಲು ವಾಸನೆ. ಲೆದರ್, ರೆಕ್ಸಿನ್ ಒರೆಸಿದರೆ ಮುಗಿಯಿತು. ಆದರೂ ಇದು ನೀಲಿ ಸಾಲು, ಒಳ್ಳೆಯ ರೆಕ್ಸಿನ್ ಕವರ್ ಹಾಕಿಸಿದರೆ ಆಯಿತು. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇದ್ದರೆ ಅದಕ್ಕೆ ಜಾಗ ಬಿಟ್ಟು ಹೊಲಿದ ಕವರೇ ಆಗಬೇಕು.

ಎಲ್ಇಡಿ ಹೆಡ್‌ಲೈಟ್ ಸಕಲೇಶಪುರ, ಆಲೂರು ಕಡೆ ರಾತ್ರಿ ಓಡಾಡುವವರಿಗೆ ಉಪಕಾರಿ. ಅಲ್ಲಿ ರಸ್ತೆಗೆ ಆನೆ ಬರುತ್ತದೆ, ದೂರದಿಂದಲೇ ಕಾಣಬೇಕು. ದಟ್ಟ ಮಂಜಿನಲ್ಲಿ ಅದೇ ಬಿಳಿ ಬೆಳಕು ತಿರುಗಿ ಕಣ್ಣಿಗೇ ಹೊಡೆಯುತ್ತದೆ, ಆಗ ಕೆಲಸಕ್ಕೆ ಬರುವುದು ಬಂಪರ್‌ನಲ್ಲಿ ತಗ್ಗಿನಲ್ಲಿರುವ ಫಾಗ್ ಲ್ಯಾಂಪ್. ಕೆಳಗಿನ ವೇರಿಯಂಟ್‌ನಲ್ಲಿ ಅದಿಲ್ಲದಿದ್ದರೆ ಅದನ್ನೇ ಮೊದಲು ಹಾಕಿಸಿ. ರಿವರ್ಸ್ ಕ್ಯಾಮೆರಾ ಕೆಸರು ಮೆತ್ತಿಕೊಂಡು ಕುರುಡಾಗುತ್ತದೆ, ಆದರೂ 5.3 ಮೀಟರ್ ಗಾಡಿಗೆ ಬೇಕು.

ಫುಟ್‌ಬೋರ್ಡ್ ಬೇಡವೇ ಬೇಡ. ಚಾಸಿಗಿಂತ ಕೆಳಗೆ ಜೋತಾಡುವ ಅದು ದಿಬ್ಬ ದಾಟುವಾಗ ಮೊದಲು ತಾಗುತ್ತದೆ, ತಾಗಿ ಒಳಕ್ಕೆ ಮಡಚಿದರೆ ಬಾಗಿಲಿನ ಕೆಳಂಚಿಗೆ ಒತ್ತುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದರೆ ಮಾತು ಬೇರೆ. ಮುಂದೆ ಬುಲ್ ಬಾರ್ (ಬಂಪರಿಗೆ ಕಬ್ಬಿಣದ ಗಾರ್ಡ್) ಹಾಕಿಸುವ ಆಸೆ ಇದ್ದರೆ ಬಿಡಿ. 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಅದರ ಮೇಲೆ ಕ್ರಮ ಕೈಗೊಳ್ಳಲು ರಾಜ್ಯಗಳಿಗೆ ಬರೆದಿದೆ, ಏರ್‌ಬ್ಯಾಗ್ ಸೆನ್ಸರ್ ಲೆಕ್ಕವನ್ನೂ ಅದು ಕೆಡಿಸುತ್ತದೆ.

ಡೆಲಿವರಿಗೆ ಮುಂಚೆ, ಆಮೇಲೆ

ನೋಂದಣಿಗೆ ಹಣ ಕಟ್ಟುವ ಮೊದಲೇ, ಹಗಲು ಬೆಳಕಿನಲ್ಲಿ, ಸ್ಟಾಕ್‌ಯಾರ್ಡ್‌ನಲ್ಲಿ ಗಾಡಿ ನೋಡಬೇಕು. ಚಾಸಿ ನಂಬರ್ ಇನ್ವಾಯ್ಸ್‌ಗೆ ತಾಳೆಯಾಗಬೇಕು, ತಯಾರಾದ ತಿಂಗಳು ಕೇಳಬೇಕು. ಪಿಕಪ್‌ಗಳ ಮಾರಾಟ ಕಡಿಮೆ, ಯಾರ್ಡ್‌ನಲ್ಲೇ ತಿಂಗಳುಗಟ್ಟಲೆ ನಿಂತಿರುವುದುಂಟು. ಟೈರಿನ ಪಕ್ಕೆಯ ಮೇಲೆ ನಾಲ್ಕು ಅಂಕಿ ಇರುತ್ತದೆ. 3524 ಎಂದರೆ 2024ರ 35ನೇ ವಾರ. ಐದೂ ಟೈರ್ ನೋಡಿ, ಸ್ಟೆಪ್ನಿ ಡೆಕ್ ಕೆಳಗೆ ತೂಗುತ್ತದೆ ಎಂದು ಬಿಡಬೇಡಿ. ಅದನ್ನು ಇಳಿಸುವ ರಾಡ್ ಕೊಟ್ಟಿದ್ದಾರೆಯೇ, ಸರಪಳಿ ಸಲೀಸಾಗಿ ಇಳಿಯುತ್ತದೆಯೇ ಅಲ್ಲೇ ಪರೀಕ್ಷಿಸಿ. ಟೂ ಎಚ್ ಎಂಬ ಟೂ ವೀಲ್ ಡ್ರೈವ್‌ನಿಂದ ಫೋರ್ ಎಚ್‌ಗೆ, ನಿಲ್ಲಿಸಿ ನ್ಯೂಟ್ರಲ್‌ಗೆ ತಂದು ಫೋರ್ ಎಲ್‌ಗೆ ಹಾಕಿಸಿ. ಮೀಟರ್‌ನಲ್ಲಿ ದೀಪ ಮಿಟುಕುವುದು ನಿಂತು ಸ್ಥಿರವಾಗಬೇಕು. ಡಿಫ್ ಲಾಕ್ ದೀಪವೂ ಅಷ್ಟೇ. ವೇರಿಯಂಟ್ ಹೆಸರು ಇನ್ವಾಯ್ಸ್, ವಿಮೆ, ಆರ್‌ಸಿ ಅರ್ಜಿ ಮೂರರಲ್ಲೂ ಒಂದೇ ಇರಬೇಕು. ಚಿಕ್ಕಮಗಳೂರಿನ ಕೆಎ 18 ಆಗಲಿ, ಹಾಸನದ ಕೆಎ 13 ಆಗಲಿ, ಸಕಲೇಶಪುರದ ಕೆಎ 46 ಆಗಲಿ, ಆರ್‌ಸಿಯಲ್ಲಿ ತಪ್ಪು ಬಿದ್ದ ಮೇಲೆ ತಿದ್ದಿಸಲು ಅಲೆದಾಟ.

ಡೆಕ್ ಲೈನರ್ ಬಗ್ಗೆ ಒಂದು ವಿಷಯ ತೋಟದವರಿಗೆ ಮಾತ್ರ ತಟ್ಟುವಂಥದ್ದು. ಆಕ್ಸೆಸರಿಯಾಗಿ ಕೊಡುವ ಪ್ಲಾಸ್ಟಿಕ್ ಲೈನರ್ ಡೆಕ್ ಮೇಲೆ ಸುಮ್ಮನೆ ಕೂರುತ್ತದೆ. ಅದರ ಅಡಿಗೆ ನೀರು ನುಸುಳುತ್ತದೆ, ಒಣಗುವುದಿಲ್ಲ. ಹರಿದ ಮೂಟೆಯಿಂದ ಬಿದ್ದ ಪೊಟ್ಯಾಷ್ ಆ ನೀರಿನಲ್ಲಿ ಕರಗಿ ಉಪ್ಪುನೀರಾಗಿ ನಿಲ್ಲುತ್ತದೆ. ಲೈನರ್ ತಿಕ್ಕಿ ಪೇಂಟ್ ಹೋದ ಕಡೆಯಿಂದ ತುಕ್ಕು ಶುರು. ಶಿಲೀಂಧ್ರ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಡ್ರಮ್ಮಿನಿಂದ ಚೆಲ್ಲಿದ, ತಾಮ್ರವಿರುವ ಮೈಲುತುತ್ತದ ನೀರು ಇನ್ನೂ ಕೆಟ್ಟದ್ದು. ಬರಿಯ ಕಬ್ಬಿಣ ಸಿಕ್ಕರೆ ತಾಮ್ರ ಅದರ ಮೇಲೆ ಕೂತು ಕಬ್ಬಿಣವನ್ನು ತಿನ್ನುತ್ತಾ ಹೋಗುತ್ತದೆ. ಟಾಪ್ ಎಂಡ್ ಪ್ಯಾಕೇಜಿನಲ್ಲಿ ಲೈನರ್ ಪುಕ್ಕಟೆ ಎಂದರೂ ಬೇಡ ಎನ್ನಿ. ಲೋಹಕ್ಕೇ ಅಂಟಿಕೊಳ್ಳುವ ಸ್ಪ್ರೇ ಕೋಟಿಂಗ್ ಮಾಡಿಸಿ, ಡೆಕ್ ಮೂಲೆಯ ನೀರಿನ ತೂತುಗಳನ್ನು ಬಿಡಿಸಿಟ್ಟು, ಗೊಬ್ಬರ ಇಳಿಸಿದ ದಿನವೇ ಪೈಪ್ ಹಿಡಿದು ತೊಳೆಯಿರಿ.

ಬಿಎಸ್ 6 (ಹೊಗೆ ಮಿತಿಯ ಮಾನದಂಡ) ಡೀಸೆಲ್‌ಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ, ಡಿಪಿಎಫ್ ಎನ್ನುತ್ತಾರೆ. ತುಂಬಿದ ಮಸಿ ಸುಟ್ಟುಹೋಗಲು ಅದು ಸುಮಾರು 600 ಡಿಗ್ರಿ ಬಿಸಿಯಾಗಬೇಕು. ಕಣದಿಂದ ಕಾಫಿ ಹಣ್ಣು ಸುಲಿಯುವ ಪಲ್ಪರ್‌ಗೆ, ಪಲ್ಪರ್‌ನಿಂದ ಆಳುಗಳ ಲೈನ್ ಮನೆಗೆ ಎಂದು ಫೋರ್ ಎಲ್‌ನಲ್ಲಿ ತೆವಳುವ ಗಾಡಿ ಅಷ್ಟು ಬಿಸಿಯಾಗುವುದೇ ಇಲ್ಲ. ಡಿಪಿಎಫ್ ಎಚ್ಚರಿಕೆಯ ದೀಪ ಬಂದ ಮೇಲೂ ಹಾಗೇ ಓಡಿಸುತ್ತಿದ್ದರೆ ಗಾಡಿಯ ಬಲ ತಾನಾಗಿ ತಗ್ಗುತ್ತದೆ. ವಾರಕ್ಕೊಮ್ಮೆ ಚಿಕ್ಕಮಗಳೂರು ಕೆಲಸ ಇದ್ದಾಗ ಕಡೂರು ಕಡೆಯ ನೇರ ರಸ್ತೆಯಲ್ಲಿ ಅರ್ಧ ಗಂಟೆ 60ರ ಮೇಲೆ ಒಂದೇ ಸಮ ಓಡಿಸಿ ಬಂದರೆ ಸುಟ್ಟುಹೋಗುತ್ತದೆ. ಮಧ್ಯದಲ್ಲಿ ಎಂಜಿನ್ ಆಫ್ ಮಾಡಬೇಡಿ.

ಡಿಸೆಂಬರ್‌ನಿಂದ ಮೇವರೆಗೆ ಫೋರ್ ಬೈ ಫೋರ್ ಗುಂಡಿಯನ್ನು ಯಾರೂ ಮುಟ್ಟುವುದಿಲ್ಲ. ಆ ಆರು ತಿಂಗಳಲ್ಲಿ ಮುಂದಿನ ಆಕ್ಸೆಲ್ ಸೇರಿಸುವ ಆಕ್ಚುಯೇಟರ್ ಧೂಳು, ತೇವಕ್ಕೆ ಬಿಗಿದುಕೊಂಡರೆ ಜೂನ್‌ನ ಮೊದಲ ಕೆಸರಿನಲ್ಲಿ ದೀಪ ಮಿಟುಕುತ್ತಲೇ ಇರುತ್ತದೆ. ಬೇಸಿಗೆಯಲ್ಲೂ ತಿಂಗಳಿಗೊಮ್ಮೆ ಮಣ್ಣಿನ ರಸ್ತೆಯಲ್ಲಿ ಒಂದು ಕಿ.ಮೀ. ಫೋರ್ ಎಚ್, ನೂರು ಮೀಟರ್ ಫೋರ್ ಎಲ್ ಓಡಿಸಿ, ನೇರ ಜಾಗದಲ್ಲಿ ಡಿಫ್ ಲಾಕ್ ಒಮ್ಮೆ ಹಾಕಿ ತೆಗೆಯಿರಿ.